ಪುಟ್ಟನೊಡನೆ ಕಡಲ ದಾರಿ

“ಮಗು ಸ್ವಲ್ಪ ದೊಡ್ಡದಾಗಲಿ, ಆಮೇಲೆ ಹೋದರಾಯಿತು.” ಈ ಮಾತು ನಿಮ್ಮ ಮನೆಯಲ್ಲೂ ಕೇಳಿಬಂದಿರಬೇಕಲ್ಲವೆ? ಮಗು ದೊಡ್ಡದಾಗುವ ಹೊತ್ತಿಗೆ ಶಾಲೆ, ಶಾಲೆಯ ಜೊತೆಗೇ ಟ್ಯೂಷನ್ನು, ಅದೂ ಮುಗಿಯಿತು ಎನ್ನುವಾಗ ಅತ್ತೆಯವರಿಗೆ ಮಂಡಿನೋವು. ಹೀಗೆ ಮುಂದೆ ಹಾಕುತ್ತ ಹೋದರೆ ಸಮುದ್ರವನ್ನು ಕ್ಯಾಲೆಂಡರಿನ ಚಿತ್ರದಲ್ಲೇ ನೋಡಬೇಕು. ನಾಲ್ಕು ವರ್ಷದ ಮಗುವನ್ನು ಕರೆದುಕೊಂಡು ಕರಾವಳಿಗೆ ಧಾರಾಳವಾಗಿ ಹೋಗಬಹುದು. ಆದರೆ ದಾರಿಯನ್ನು ಅಳೆಯುವಾಗ ಕಿಲೋಮೀಟರು ಲೆಕ್ಕ ಬಿಟ್ಟು, ಮಗುವಿನ ಹೊಟ್ಟೆ ಮತ್ತು ನಿದ್ದೆಯ ಲೆಕ್ಕ ಹಿಡಿಯಬೇಕು. ಇನ್ನೊಂದು, ಸಮುದ್ರದ ವಿಷಯದಲ್ಲಿ ಮನೆಯಲ್ಲಿ ಯಾರು ಏನೇ ಅಂದುಕೊಂಡರೂ ತಾಯಿಯಾದವಳು ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗುತ್ತದೆ. ಅದನ್ನು ಮುಂದೆ ಬರೆಯುತ್ತೇನೆ.

2025ರ ಫೆಬ್ರವರಿ 10ರಿಂದ 13ರವರೆಗೆ, ನಾಲ್ಕು ದಿನ, ನಮ್ಮ ಸಣ್ಣ ಕಾರಿನಲ್ಲಿ ನಾವು ನಾಲ್ವರು ಹೊರಟಿದ್ದೆವು. ನಮ್ಮವರು, ನಾನು, ಎಪ್ಪತ್ತು ದಾಟಿದ ಅತ್ತೆ, ಮತ್ತೆ ಪುಟ್ಟ. ದೊಡ್ಡ ಮಗ ಕಾಲೇಜು ಹಾಸ್ಟೆಲಿನಲ್ಲಿದ್ದಾನೆ. ಅವನ ಬೆನ್ನಿಗೆ ಹದಿನೈದು ವರ್ಷದ ಮೇಲೆ ಹುಟ್ಟಿದವನು ಈ ಪುಟ್ಟ. ಇವನು ಹೊಟ್ಟೆಯಲ್ಲಿದ್ದಾಗ ಅತ್ತೆ ಇಡಗುಂಜಿ ಗಣಪತಿಗೆ ಹರಕೆ ಹೊತ್ತಿದ್ದರು. ಪ್ರಯಾಣದ ಮೂಲ ಕಾರಣ ಅದೇ.

ನಮ್ಮೂರು ತರೀಕೆರೆ. ಊರ ನಡುವಿನ ದೊಡ್ಡ ರಸ್ತೆಗೆ ಬಿ.ಎಚ್. ರಸ್ತೆ ಎಂದು ಹೆಸರು. ಮದುವೆಯಾಗಿ ಬಂದಾಗಿನಿಂದ ಆ ರಸ್ತೆಯಲ್ಲೇ ತರಕಾರಿ ತಂದಿದ್ದೇನೆ, ‘ಎಚ್’ ಅಂದರೆ ಹೊನ್ನಾವರ ಎಂದು ಎಷ್ಟು ಜನಕ್ಕೆ ನೆನಪಿದೆಯೋ! ಬೆಂಗಳೂರಿನಿಂದ ಹೊರಟ ಆ ರಸ್ತೆ ನಮ್ಮೂರು, ಭದ್ರಾವತಿ, ಶಿವಮೊಗ್ಗ, ಸಾಗರ, ಜೋಗ ದಾಟಿ ಹೊನ್ನಾವರದಲ್ಲಿ ಕಡಲಿಗೆ ಮುಟ್ಟುತ್ತದೆ. ಹೋಗುವಾಗ ಆಗುಂಬೆ ಇಳಿದು ಉಡುಪಿ, ಬರುವಾಗ ಹೊನ್ನಾವರದಿಂದ ಅದೇ ಬಿ.ಎಚ್. ರಸ್ತೆ, ಇಷ್ಟು ತೀರ್ಮಾನವಾಯಿತು.

ನಮ್ಮವರು ರಾತ್ರಿ ಕೂತು ಒಂದು ಪಟ್ಟಿ ಮಾಡಿದರು. ಉಡುಪಿ, ಮಲ್ಪೆ, ಕಾಪು ದೀಪಸ್ತಂಭ, ಮರವಂತೆ, ಮುರುಡೇಶ್ವರ, ಇಡಗುಂಜಿ, ಅಪ್ಸರಕೊಂಡ, ಮಿರ್ಜಾನ್ ಕೋಟೆ, ಗೋಕರ್ಣ, ಕಾರವಾರ! ಗಂಡಸರ ಪಟ್ಟಿ ಹೀಗೇ ಇರುತ್ತದೆ ನೋಡಿ, ಮದುವೆ ಮನೆಯ ದಿನಸಿ ಪಟ್ಟಿಯ ಹಾಗೆ. ನಾನು ಪೆನ್ನು ತೆಗೆದುಕೊಂಡು ಐದನ್ನು ಉಳಿಸಿ ಮಿಕ್ಕವನ್ನು ಹೊಡೆದು ಹಾಕಿದೆ. “ಕಾರವಾರ ಅಲ್ಲೇ ಇರುತ್ತೆ, ಎಲ್ಲೂ ಹೋಗಲ್ಲ” ಅಂದೆ. ಒಂದು ಹೊತ್ತಿಗೆ ಒಂದೇ ಜಾಗ, ಒಂದೇ ಸಲಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ಕಾರು ಓಡಿಸಕೂಡದು, ಮಧ್ಯಾಹ್ನ ಹನ್ನೆರಡರಿಂದ ಮೂರೂವರೆವರೆಗೆ ಮಗುವಿಗೆ ನೆರಳು ಮತ್ತು ನಿದ್ದೆ. ಇದು ನನ್ನ ಪಟ್ಟಿ.

ಇನ್ನು ಕೂರುವ ವ್ಯವಸ್ಥೆ. ಮೊಮ್ಮಗ ಮುಂದಿನ ಸೀಟಿನಲ್ಲಿ ತಮ್ಮ ತೊಡೆಯ ಮೇಲೆ ಕೂರಬೇಕೆಂದು ಅತ್ತೆಯ ಆಸೆ. ಎಷ್ಟೋ ಮನೆಗಳಲ್ಲಿ ನಡೆಯುವುದೂ ಹಾಗೆಯೆ. ಆದರೆ ಕಾರು ಗಕ್ಕನೆ ನಿಂತಾಗ ಕೂತವರ ಮೈ ಮುಂದಕ್ಕೆ ಹೋಗುತ್ತದೆ, ಆ ಭಾರವೆಲ್ಲ ಮುಂದಿರುವ ಮಗುವಿನ ಮೇಲೆ. ನಮ್ಮ ತೋಳು ಎಷ್ಟೇ ಗಟ್ಟಿಯಾಗಿ ಹಿಡಿದಿದ್ದರೂ ಆ ಕ್ಷಣಕ್ಕೆ ನಿಲ್ಲದು. ಮೇಲಾಗಿ ಮುಂದೆ ಗಾಳಿಚೀಲ ಇರುವ ಕಾರಾದರೆ ಅದು ಒಡೆದು ಉಬ್ಬುವ ರಭಸ ದೊಡ್ಡವರಿಗೇ ಪೆಟ್ಟು, ಮಗುವಿನ ಕುತ್ತಿಗೆಗೆ ಕೇಳಬೇಕೆ? 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿ ತಂದು, ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಹಾಕದಿದ್ದರೆ 1000 ರೂಪಾಯಿ ದಂಡ ಎಂದೂ ಮಾಡಿದ್ದಾರೆ. ಬೆಂಗಳೂರಿನ ತಂಗಿಯ ಮನೆಯಲ್ಲಿ ಮಕ್ಕಳ ಸೀಟು ಅಟ್ಟ ಸೇರಿತ್ತು, ತರಿಸಿಕೊಂಡೆ. ಪುಟ್ಟ ಮೊದಲ ದಿನ ಗೋಳಾಡಿದ, ಆದ್ದರಿಂದ ಅದನ್ನು ಎಂಟು ದಿನ ಮೊದಲೇ ಪಡಸಾಲೆಯಲ್ಲಿಟ್ಟು ಊಟ ಮಾಡಿಸುವುದಕ್ಕೆ ಅದರಲ್ಲೇ ಕೂರಿಸುತ್ತ ಬಂದೆ. ಹೊರಡುವ ದಿನ ತಾನೇ ಹತ್ತಿ ಕೂತು “ನನ್ನ ಸಿಂಹಾಸನ” ಅಂದ. ಅತ್ತೆ ಹಿಂದಿನ ಸೀಟಿನಲ್ಲಿ ಅವನ ಪಕ್ಕದಲ್ಲೇ ಕೂತರು. ಆಸೆ ಅರ್ಧ ತೀರಿತು ಅನ್ನಿ.

ಸಾಮಾನಿನ ವಿಷಯ ಉದ್ದ ಮಾಡುವುದಿಲ್ಲ. ಎರಡು ಹಳೆಯ ಮೆತ್ತನೆಯ ನೂಲಿನ ಸೀರೆ ಮಾತ್ರ ಮರೆಯದೆ ಇಟ್ಟುಕೊಳ್ಳಿ. ಬಿಸಿಲು ಬಂದ ಕಡೆ ಕಾರಿನ ಕಿಟಕಿಗೆ ಪರದೆ, ಮರದ ಕೆಳಗೆ ಹಾಸು, ಒದ್ದೆ ಮಗುವಿಗೆ ಹೊದಿಕೆ, ದಾರಿಯಲ್ಲಿ ನಮಗೇ ಮರೆ ಬೇಕಾದಾಗ ಗೋಡೆ! ಹೆಂಗಸರಿಗೆ ಶೌಚಾಲಯದ ತಾಪತ್ರಯ ಇದ್ದದ್ದೇ. ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಇರುತ್ತದೆ, ಸಂಕೋಚಪಡದೆ ಕೇಳಿ. ಒಂದು ಬಂಕಿನಲ್ಲಿ “ಬೀಗ ಹಾಕಿದೆ, ಕೀ ಇಲ್ಲ” ಅಂದರು. ಅತ್ತೆ ಅಲ್ಲೇ ಕುರ್ಚಿ ಎಳೆದುಕೊಂಡು “ಕೀ ಬರೋ ತನಕ ಕೂತಿರ್ತೀನಪ್ಪ” ಅಂದಮೇಲೆ ಕೀ ಬಂತು. ನೀರು ಕುಡಿದರೆ ಇಳಿಯಬೇಕಾಗುತ್ತದೆಂದು ಬಾಯಾರಿಕೊಂಡು ಕೂರಬೇಡಿ. ಕರಾವಳಿಯ ಬೆವರು ನಮ್ಮ ಬಯಲುಸೀಮೆಯ ಬೆವರಲ್ಲ.

ಮಗುವಿನ ಊಟಕ್ಕೆ ಅವಲಕ್ಕಿ ಪುಡಿ ಮಾಡಿಕೊಂಡಿದ್ದೆ. ತೆಳು ಅವಲಕ್ಕಿ ಎರಡು ಲೋಟ ತೆಗೆದುಕೊಂಡು ಬಣ್ಣ ಬದಲಾಗದಂತೆ ಗರಿಗರಿಯಾಗಿ ಹುರಿಯಿರಿ. ಅರ್ಧ ಲೋಟ ಹುರಿಗಡಲೆ, ಒಂದು ಚಮಚ ಹುರಿದ ಜೀರಿಗೆ, ಚಿಟಿಕೆ ಉಪ್ಪು ಸೇರಿಸಿ ನುಣ್ಣಗೆ ಪುಡಿ ಮಾಡಿ ಡಬ್ಬಿಗೆ ತುಂಬಿ. ಬೇಕಾದಾಗ ನಾಲ್ಕು ಚಮಚ ಪುಡಿಗೆ ಫ್ಲಾಸ್ಕಿನ ಬಿಸಿನೀರು ಹುಯ್ದು, ಐದು ನಿಮಿಷ ಮುಚ್ಚಿಟ್ಟು, ತುಪ್ಪ ಹಾಕಿ ಕೊಟ್ಟರೆ ಹೊಟ್ಟೆಗೂ ಹಗುರ, ಹೋಟೆಲಿನವರ ದಾಕ್ಷಿಣ್ಯವೂ ಇಲ್ಲ. ಸಿಹಿ ಬೇಕೆನ್ನುವ ಮಗುವಾದರೆ ಉಪ್ಪಿನ ಬದಲು ಬೆಲ್ಲದ ಪುಡಿ.

ಬೆಳಿಗ್ಗೆ ಆರಕ್ಕೆ ಹೊರಟು ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆಗೆ ಬಂದಾಗ ಹತ್ತಾಗಿತ್ತು. ಅಲ್ಲಿಂದ ಕೆಳಕ್ಕೆ ಹದಿನಾಲ್ಕು ತಿರುವು. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ವಾಹನದ ವಾಕರಿಕೆ ಹೆಚ್ಚು. ಕಿವಿಯೊಳಗೆ ಮೈಯ ಸಮತೋಲ ತಿಳಿಸುವ ಅಂಗವಿದೆ, ಅದು ‘ನೀನು ತಿರುಗುತ್ತಿದ್ದೀಯ’ ಎಂದು ಹೇಳುತ್ತದೆ, ಮೊಬೈಲು ನೋಡುತ್ತ ಕೂತ ಕಣ್ಣು ‘ಇಲ್ಲ, ಸುಮ್ಮನೆ ಕೂತಿದ್ದೀಯ’ ಎನ್ನುತ್ತದೆ. ಆ ಜಗಳದ ಫಲ ವಾಂತಿ. ಹಾಗಾಗಿ ಘಟ್ಟದಲ್ಲಿ ಮೊಬೈಲು, ಚಿತ್ರದ ಪುಸ್ತಕ ಕೊಡಬೇಡಿ. ದೂರದ ಮರ, ಬೆಟ್ಟ ತೋರಿಸಿ, ಗಾಜು ಸ್ವಲ್ಪ ಇಳಿಸಿ. ಹೊಟ್ಟೆ ತುಂಬಾ ಹಾಲು ಕುಡಿಸಿ ಹತ್ತಿಸಬೇಡಿ, ಪೂರಾ ಖಾಲಿಯೂ ಇರಬಾರದು. ಇಷ್ಟೆಲ್ಲ ಮಾಡಿಯೂ ಒಂಬತ್ತನೆಯ ತಿರುವಿಗೆ ಪುಟ್ಟ ಕಕ್ಕಿದ. ಅದೇನು ದೊಡ್ಡದಲ್ಲ. ಬಾಯಿ ತೊಳೆಸಿ, ಹತ್ತು ನಿಮಿಷ ನಿಂತು, ಓ.ಆರ್.ಎಸ್. ನೀರನ್ನು ಗುಟುಕು ಗುಟುಕಾಗಿ ಕೊಟ್ಟೆ. ಪೊಟ್ಟಣ ಸಿಗದ ಕಡೆ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಉಪ್ಪು ಅಂದಾಜಿನಲ್ಲಿ ಹಾಕುವ ನಮ್ಮ ಅಡುಗೆಮನೆ ಅಭ್ಯಾಸ ಇಲ್ಲಿ ಬೇಡ, ಹೆಚ್ಚಾದರೆ ಮಗುವಿಗೆ ಅಪಾಯ. ವಾಂತಿ ಭೇದಿಯ ಜೊತೆಗೆ ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾಗಿ ಮಲಗಿದರೆ ಮನೆಮದ್ದಿಗೆ ಕಾಯದೆ ಡಾಕ್ಟರ ಬಳಿ ಓಡಬೇಕು.

ಉಡುಪಿಯಲ್ಲಿ ಮಧ್ಯಾಹ್ನದ ನಿದ್ದೆ, ಸಂಜೆ ಮಲ್ಪೆ. ಪುಟ್ಟ ಸಮುದ್ರವನ್ನು ಮೊದಲು ನೋಡಿದ್ದು ಇಲ್ಲಿ. ಏನು ಹೇಳುತ್ತಾನೋ ಎಂದು ನಾವೆಲ್ಲ ಅವನ ಮುಖ ನೋಡುತ್ತಿದ್ದರೆ, “ನಲ್ಲಿ ಯಾರು ಬಿಟ್ಟಿದ್ದು?” ಅಂದ. ಅಲ್ಲಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಹೋಗುತ್ತದೆ. ಕಂಬ ಕಂಬವಾಗಿ ನಿಂತ ಅಲ್ಲಿನ ಬಂಡೆಗಳು ಸುಮಾರು 8 ಕೋಟಿ 80 ಲಕ್ಷ ವರ್ಷದ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದರಿಂದೊಂದು ಬೇರೆಯಾಗುವ ಕಾಲದಲ್ಲಿ ಉಂಟಾದವಂತೆ. ದೋಣಿ ಹತ್ತಿ ಇಳಿಯುವುದು ಅತ್ತೆಯ ಮಂಡಿಗೆ ಒಗ್ಗದು, ನಾವು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಕೃಷ್ಣನ ದರ್ಶನ. ಒಂಬತ್ತು ರಂಧ್ರದ ಕಿಂಡಿಯಲ್ಲಿ ಪುಟ್ಟನನ್ನು ಎತ್ತಿ ತೋರಿಸಿದ್ದಾಯಿತು. ಸಂತೆಯಲ್ಲಿ ಮಟ್ಟುಗುಳ್ಳ ಕೊಂಡೆ. ಹಸಿರು ಮೈಯ ಗುಂಡು ಬದನೆ ಅದು, ಸಾಂಬಾರಿಗೆ ಹಾಕಿದರೆ ಎಣ್ಣೆ ಬೇಡದೆ ಕರಗುತ್ತದೆ.

ಮಧ್ಯಾಹ್ನ ಮೂರೂವರೆಗೆ ಉಡುಪಿ ಬಿಟ್ಟು ಉತ್ತರಕ್ಕೆ. ಹಿಂದೆ ಹದಿನೇಳನೆಯ ರಾಷ್ಟ್ರೀಯ ಹೆದ್ದಾರಿ ಎನ್ನುತ್ತಿದ್ದರು, ಈಗ ಅದರ ಸಂಖ್ಯೆ 66. ಕುಂದಾಪುರ ದಾಟಿ ಸ್ವಲ್ಪ ದೂರಕ್ಕೆ ಮರವಂತೆ. ನೀವು ಒಂದೇ ಜಾಗ ನೋಡುವುದಾದರೆ ಇದನ್ನು ನೋಡಿ ಎಂದು ನನ್ನ ಮಾತು. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆಯಷ್ಟೇ ನೆಲ. ಎಡಗಡೆ ನೊರೆ, ಸದ್ದು, ಕೊರೆತ ತಡೆಯಲು ಸುರಿದ ದೊಡ್ಡ ದೊಡ್ಡ ಕಲ್ಲು. ಬಲಗಡೆ ತೆಂಗಿನ ನೆರಳು ಬಿದ್ದ ಹಸಿರು ನೀರು, ಒಂದು ದೋಣಿ, ಸದ್ದೇ ಇಲ್ಲ. ಕೊಡಚಾದ್ರಿಯ ಕಡೆಯಿಂದ ಇಳಿದು ಕೊಲ್ಲೂರು ಮೂಕಾಂಬಿಕೆಯ ಬಳಿ ಹಾದು ಬಂದ ನದಿ ಇದು. ಇಷ್ಟು ಹತ್ತಿರ ಬಂದದ್ದು ಹಾಗೇ ಸಮುದ್ರಕ್ಕೆ ಬೀಳುವುದಿಲ್ಲ. ಬೆನ್ನು ತಿರುಗಿಸಿ ದಕ್ಷಿಣಕ್ಕೆ ಹೋಗಿ, ಗಂಗೊಳ್ಳಿಯಲ್ಲಿ ಬೇರೆ ನದಿಗಳ ಜೊತೆ ಕೂಡಿಕೊಂಡು ಸಮುದ್ರ ಸೇರುತ್ತದೆ. ಪುಟ್ಟನಿಗೆ ಹೇಳಿದೆ. “ಯಾಕೆ, ಅದಕ್ಕೆ ಭಯಾನಾ?” ಎಂದು ಕೇಳಿದ. “ಒಬ್ಳೇ ಹೋಗ್ಬಾರ್ದು ಅಂತ ಅಕ್ಕತಂಗೀರ ಹತ್ರ ಹೋಗ್ತಾಳೆ ಕಣೋ” ಎಂದು ಅತ್ತೆ ಸಮಾಧಾನ ಹೇಳಿದರು. ಭೂಗೋಳದ ಮೇಷ್ಟರು ಒಪ್ಪದಿದ್ದರೂ ನನಗೆ ಒಪ್ಪಿತು.

ಇಲ್ಲೊಂದು ಎಚ್ಚರಿಕೆ. ಎರಡು ಕಡೆ ನೀರಿನ ನಡುವೆ ಇರುವುದು ಹೆದ್ದಾರಿ, ಲಾರಿ ಬಸ್ಸು ಬಿರುಸಾಗಿ ಬರುತ್ತವೆ. ಮಗುವಿನ ಕೈ ಬಿಟ್ಟು ಫೋಟೋ ತೆಗೆಯುವ ಜಾಗವಲ್ಲ. ಕಲ್ಲಿನ ಮೇಲೆ ಹತ್ತಿಸುವುದಂತೂ ಬೇಡವೇ ಬೇಡ.

ಆ ರಾತ್ರಿ ಮುರುಡೇಶ್ವರದಲ್ಲಿ ತಂಗಿದೆವು. ಮಾರನೆಯ ದಿನ, 12ನೇ ತಾರೀಖು, ಮಾಘ ಹುಣ್ಣಿಮೆ. ಮನೆಯಲ್ಲಿ ಒಂದು ತಿಂಗಳಿಂದ ಟೀವಿಯಲ್ಲಿ ಪ್ರಯಾಗದ ಕುಂಭಮೇಳ ನೋಡುತ್ತಿದ್ದ ಅತ್ತೆ ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡಿಕೊಂಡು ಬಂದಿದ್ದರು. ಬೆಳಿಗ್ಗೆ ಆರೂವರೆಗೆ ಎದ್ದು, ಮಡಿಸೀರೆ ಹೆಗಲಿಗೆ ಹಾಕಿಕೊಂಡು, “ಪುಟ್ಟನ್ನ ಕೊಡು, ಅವನನ್ನ ಎತ್ಕೊಂಡು ಸಮುದ್ರದಲ್ಲಿ ಮೂರು ಮುಳುಗು ಹಾಕ್ಬರ್ತೀನಿ” ಅಂದರು.

ನಾನು “ಬೇಡ” ಅಂದೆ.

ಸೋದರಿಯರೇ, ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅತ್ತೆಗೆ ಎದುರು ಮಾತು ಆಡಿದ್ದು ಬೆರಳೆಣಿಕೆಯಷ್ಟು. ಅದೂ ಪುಣ್ಯದ ವಿಷಯದಲ್ಲಿ! “ಕೋಟಿ ಜನ ಮುಳುಗ್ತಾರೆ, ನಾನು ಮೊಣಕಾಲುದ್ದ ನೀರಲ್ಲಿ ಮುಳುಗಿದ್ರೆ ಏನಾಗತ್ತೆ?” ಎಂದು ಅವರು ಕೇಳಿದರು. ಏನಾಗುತ್ತದೆಂದು ನಾನು ಹೇಳಲೇಬೇಕಾಯಿತು. ಎರಡು ತಿಂಗಳ ಹಿಂದೆ, 2024ರ ಡಿಸೆಂಬರ್ 10ರಂದು, ಇದೇ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಮುಳುಗಿಹೋದರು. ಸಮುದ್ರ ನೋಡದ ಊರಿನ ಮಕ್ಕಳು, ನಮ್ಮ ಪುಟ್ಟನ ಹಾಗೆಯೆ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಿರಲಿಲ್ಲ.

ನದಿ, ಕೆರೆ ಕಂಡ ನಮಗೆ ಸಮುದ್ರದ ರೀತಿ ತಿಳಿದಿರುವುದಿಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸು ಹೋಗಲೇಬೇಕಲ್ಲ? ಅದು ಎಲ್ಲ ಕಡೆಯೂ ಸಮನಾಗಿ ಹೋಗುವುದಿಲ್ಲ. ಒಂದು ಕಡೆ ತೋಡು ಮಾಡಿಕೊಂಡು ಬಿರುಸಾಗಿ ಒಳಕ್ಕೆ ಸರಿಯುತ್ತದೆ. ಆ ತೋಡಿನ ಮೇಲೆ ಅಲೆ ಅಷ್ಟಾಗಿ ಒಡೆಯುವುದಿಲ್ಲ, ನೊರೆ ಕಡಿಮೆ, ನೀರು ಕಪ್ಪಗೆ ಸುಮ್ಮನಿರುವಂತೆ ಕಾಣುತ್ತದೆ. ‘ಇಲ್ಲಿ ಶಾಂತವಾಗಿದೆ’ ಎಂದು ಹೊಸಬರು ಅಲ್ಲೇ ಇಳಿಯುತ್ತಾರೆ! ಸೆಳೆತಕ್ಕೆ ಸಿಕ್ಕವರು ದಡದ ಕಡೆ ಮುಖ ಮಾಡಿ ಈಜಿದಷ್ಟೂ ಸುಸ್ತಾಗುತ್ತಾರೆ. ಹಾಗೆ ಸಿಕ್ಕರೆ ಎದುರಿಸದೆ, ತೇಲುತ್ತ, ಕೈ ಎತ್ತಿ ಕೂಗಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬರಬೇಕು. ಕಂಕುಳಲ್ಲಿ ಮಗು ಇದ್ದವರು ಇದರಲ್ಲಿ ಯಾವುದನ್ನು ಮಾಡಿಯಾರು, ನೀವೇ ಹೇಳಿ.

ಇನ್ನೊಂದು ವಿಚಾರ ಕೇಳಿ. ಹಿರಿಯರು ಸಮುದ್ರಸ್ನಾನಕ್ಕೆ ಹೇಳುವುದು ಹುಣ್ಣಿಮೆ ಅಮಾವಾಸ್ಯೆಗಳಂಥ ಪರ್ವದ ದಿನ. ಸೂರ್ಯ ಚಂದ್ರರಿಬ್ಬರ ಎಳೆತ ಒಂದೇ ಗೆರೆಯಲ್ಲಿ ಕೂಡುವುದೂ ಆ ದಿನಗಳಲ್ಲೇ, ಉಬ್ಬರ ಹೆಚ್ಚು ಮೇಲೆ ಬರುತ್ತದೆ, ಇಳಿತ ಹೆಚ್ಚು ಕೆಳಗಿಳಿಯುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಮರುದಿನ ಅದೇ ಉಬ್ಬರ ಸುಮಾರು ಐವತ್ತು ನಿಮಿಷ ತಡ. ಗೋಡೆಯ ಪಂಚಾಂಗ ನೋಡಿ ಏಕಾದಶಿ ಲೆಕ್ಕ ಹಾಕುವ ನಮಗೆ ಈ ಲೆಕ್ಕ ಕಷ್ಟವಲ್ಲ. ಬೀಚಿಗೆ ಹೋಗುವ ಮೊದಲು ತಿಥಿ ನೋಡಿ, ಮೀನುಗಾರರನ್ನೋ ಜೀವರಕ್ಷಕರನ್ನೋ ‘ನೀರು ಏರ್ತಾ ಇದೆಯಾ, ಇಳೀತಾ ಇದೆಯಾ’ ಎಂದು ಕೇಳಿ. ಕೆಂಪು ಬಾವುಟ ಕಂಡರೆ ಕಾಲೂ ಒದ್ದೆ ಮಾಡಬೇಡಿ.

ಆ ಬೆಳಿಗ್ಗೆ ಅತ್ತೆ ಇದನ್ನೆಲ್ಲ ಕೇಳಿ, “ನೀನು ಹೇಳಿದ್ದೇ ಆಗ್ಲಮ್ಮ” ಎಂದು ಮಂಚದ ಮೇಲೆ ಕೂತುಬಿಟ್ಟರು. ಆ ಧ್ವನಿ ನಿಮಗೆ ಗೊತ್ತಿರುತ್ತದೆ. ನಮ್ಮವರು ನನ್ನ ಮುಖ, ಅಮ್ಮನ ಮುಖ ನೋಡಿ, ಏನೂ ಮಾತಾಡದೆ ಕೋಣೆಯ ಬಕೆಟ್ಟು ತೆಗೆದುಕೊಂಡು ಹೊರಟರು. ನಾಲ್ವರೂ ಮರಳಿಗೆ ಹೋದೆವು. ಅಲೆ ಮುಟ್ಟದ ಒಣ ಮರಳಿನಲ್ಲಿ ಅತ್ತೆ ಪುಟ್ಟನನ್ನು ತೊಡೆಯ ಮೇಲೆ ಕೂರಿಸಿಕೊಂಡು ಪೂರ್ವಕ್ಕೆ ಮುಖ ಮಾಡಿ ಕೂತರು. ಜೀವರಕ್ಷಕರು ತೋರಿಸಿದ ಕಡೆ, ಪಾದ ಮುಳುಗುವಷ್ಟೇ ನೀರಿಗೆ ಇಳಿದು ನಮ್ಮವರು ಬಕೆಟ್ಟು ತುಂಬಿ ತಂದರು. ತಂಬಿಗೆಯಲ್ಲಿ ಮೂರು ಸಲ ಅತ್ತೆಯ ತಲೆಗೆ, ಒಂದು ಸಲ ಪುಟ್ಟನ ತಲೆಗೆ. ಅತ್ತೆ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು, ಪುಟ್ಟ ತುಟಿ ನೆಕ್ಕಿ “ಅಜ್ಜಿ, ಸಾರಿಗೆ ಉಪ್ಪು ಜಾಸ್ತಿ” ಅಂದ. ಅತ್ತೆ ನಕ್ಕರು, ಆದರೆ ಅವನ ಕಡೆ ನೋಡಿ ನಕ್ಕರೇ ಹೊರತು ನನ್ನ ಕಡೆ ಅಲ್ಲ.

ಆ ಮೇಲೆ ಪುಟ್ಟ ಒಂದು ಗಂಟೆ ಮರಳಾಟ ಆಡಿದ. ಅವನಿಗೆ ಕಿತ್ತಳೆ ಬಣ್ಣದ ಅಂಗಿ ತೊಡಿಸಿದ್ದೆ. ನೀಲಿ, ಬಿಳಿ, ಹಸಿರು ಬಟ್ಟೆ ನೀರಿನಲ್ಲಿ, ಗುಂಪಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮುಂಗೈ ಮೇಲೆ ನಮ್ಮವರ ಮೊಬೈಲ್ ಸಂಖ್ಯೆ ಪೆನ್ನಿನಲ್ಲಿ ಬರೆದಿದ್ದೆ. ದೊಡ್ಡವರಲ್ಲಿ ಒಬ್ಬರು ಮಗುವನ್ನಷ್ಟೇ ನೋಡಬೇಕು. ‘ಎಲ್ಲರೂ ಇದ್ದೀವಲ್ಲ’ ಅಂದುಕೊಂಡಾಗ ಯಾರೂ ನೋಡಿರುವುದಿಲ್ಲ. ಬಿಸಿಲೇರಿದ ಮೇಲೆ 123 ಅಡಿಯ ಶಿವನನ್ನೂ ಇಪ್ಪತ್ತು ಅಂತಸ್ತಿನ ಗೋಪುರವನ್ನೂ ಕೆಳಗಿನಿಂದಲೇ ನೋಡಿ ಕೋಣೆ ಸೇರಿದೆವು.

ಇಡಗುಂಜಿಗೆ ಸಂಜೆ ಹೋದದ್ದು. ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ತೋಟಗಳ ನಡುವೆ ಇರುವ ಊರು. ಇಲ್ಲಿನ ಗಣಪತಿ ನಿಂತಿದ್ದಾನೆ, ಎರಡೇ ಕೈ. ಪಂಚಕಜ್ಜಾಯದ ಹರಕೆ ತೀರಿಸಿ ಹೊರಗೆ ಬರುವಾಗ ಮೆಟ್ಟಿಲ ಬಳಿ ಅತ್ತೆ “ಅವನ ಅಂಗಿ ಹಿಡ್ಕೊ, ಜಾರ್ತಾನೆ” ಅಂದರು. ಬೆಳಿಗ್ಗೆಯಿಂದ ನನ್ನ ಜೊತೆ ಆಡಿದ ಮೊದಲ ಮಾತು. ನಾನು ಹಿಡಿದುಕೊಂಡೆ.

ಕೊನೆಯ ದಿನ ಹೊನ್ನಾವರದ ಬಳಿಯ ಕಾಂಡ್ಲಾ ಕಾಡು. ಹಿನ್ನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ನೆರಳು, ಮಟ್ಟಸ ದಾರಿ, ಮಂಡಿನೋವಿನವರಿಗೂ ಮಕ್ಕಳಿಗೂ ಹೇಳಿ ಮಾಡಿಸಿದ್ದು. ಕೆಸರಿನಲ್ಲಿ ಗಾಳಿಯಾಡದ್ದರಿಂದ ಬೇರುಗಳು ಮೇಲೆದ್ದು ಉಸಿರಾಡುತ್ತವೆ. ಪುಟ್ಟ ತಾನೂ ಮೂಗು ಮೇಲೆತ್ತಿಕೊಂಡು ನಡೆದ. ಇದಕ್ಕೆ ಹತ್ತಿರದ ಕಾಸರಕೋಡು ಬೀಚಿಗೆ 2020ರಲ್ಲಿ ‘ನೀಲಿ ಬಾವುಟ’ದ ಮನ್ನಣೆ ದೊರೆಯಿತು. ಮಕ್ಕಳಿರುವವರಿಗೆ ಮುರುಡೇಶ್ವರದ ಜನಜಂಗುಳಿಗಿಂತ ಇದೇ ವಾಸಿ ಎಂದು ನನಗನ್ನಿಸಿತು.

ಮಳೆಗಾಲದಲ್ಲಿ ಈ ದಾರಿಗೆ ಮಗುವನ್ನು ಕರೆತರಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಕುಸಿದು ಜನ ಸತ್ತರು. ಮೂರು ವಾರಕ್ಕೆ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ.

ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿ ಜೋಗ. ಫೆಬ್ರವರಿಯ ಜೋಗದಲ್ಲಿ ನೀರು ದಾರದ ಎಳೆಯಷ್ಟು. ಬೆಳಿಗ್ಗೆ ಹೊನ್ನಾವರದಲ್ಲಿ ಅಷ್ಟಗಲ ಕಂಡ ಶರಾವತಿ ಇದೇ ಎಂದರೆ ಪುಟ್ಟ ನಂಬಲಿಲ್ಲ, ಹೋಗಲಿ. ಈ ಸಲ ಅವನು ಕಕ್ಕಲೂ ಇಲ್ಲ, ಅಜ್ಜಿಯ ಭುಜಕ್ಕೆ ಕೈ ಚಾಚಿಕೊಂಡು ಸಿಂಹಾಸನದಲ್ಲೇ ನಿದ್ದೆ ಹೋದ.

ಬಂದ ಮೇಲೆ ಒಂದು ಕೆಲಸ ಇದೆ. ಸಮುದ್ರದ ಬಟ್ಟೆಗಳನ್ನು ನೇರವಾಗಿ ಸೋಪಿನ ನೀರಿಗೆ ಹಾಕಬೇಡಿ. ಮೊದಲು ಒಣಗಿಸಿ ಮರಳು ಕೊಡವಿ, ಬರಿಯ ತಣ್ಣೀರಿನಲ್ಲಿ ಎರಡು ಸಲ ಜಾಲಿಸಿ ಉಪ್ಪು ಬಿಡಿಸಿ, ಆಮೇಲೆ ಸೋಪು. ಮೆಷಿನ್ನಿಗೆ ಹಾಕುವವರಂತೂ ಮರಳು ಪೂರಾ ಹೋಗಿದೆಯೇ ನೋಡಿಕೊಳ್ಳಿ. ಕಾರಿನ ಸೀಟಿನ ಸಂದಿಯ ಮರಳು ಮಾತ್ರ ನನ್ನ ಕೈಗೆ ಬಗ್ಗಲಿಲ್ಲ. ಯುಗಾದಿಗೆ ಕಾರು ತೊಳೆಯುವಾಗಲೂ ಒಂದು ಹಿಡಿ ಬಂತು. ಅತ್ತೆ ಅದನ್ನು ಚೆಲ್ಲಗೊಡದೆ ತುಳಸಿಕಟ್ಟೆಯ ಬುಡಕ್ಕೆ ಹಾಕಿಸಿದರು.